ವರ್ಲಾನನ ಬಿಳಿ ಅಂಗಿ

ವರ್ಲಾನ್ ಮ್ಯಾಡಕ್ಸ್‌ಗೆ ಎರಡು ಮೊಣಕಾಲೂ ಹೋಗಿದ್ದವು, ಬಲಭುಜ ಮುಕ್ಕಾಲು ಹೋಗಿತ್ತು, ಎಡಗಿವಿ ತನಗೆ ಬೇಕಾದಾಗ ಮಾತ್ರ ಕೇಳುತ್ತಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಡಾಬ್ಸ್‌ವಿಲ್ ಊರಿನ ಭತ್ತ ಒಣಗಿಸುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕಣಜದ ಏಣಿ ಹತ್ತಿ ಇಳಿದು ಕೀಲು ಸವೆಸಿಕೊಂಡವನು ಅವನು. ಆ ಯಂತ್ರಗಳ ಸದ್ದಿನಲ್ಲಿ ಆಡಲಾಗದೆ ಉಳಿದ ಮಾತನ್ನೆಲ್ಲ ಈಗ, ನಿವೃತ್ತನಾದ ಮೇಲೆ, ದಿನಾ ಬೆಳಗ್ಗೆ ಪೆಟ್ರೋಲ್ ಬಂಕಿನ ಕಾಫಿ ಮೇಜಿನ ಮೇಲೆ ಸುರಿಯುತ್ತಿದ್ದ.

ಅರ್ಕನ್ಸಾದ ಆ ಬಯಲುಸೀಮೆಯಲ್ಲಿ ಭತ್ತದ ಕೊಯ್ಲು ಮುಗಿಸಿ ಗದ್ದೆಗೆ ಮತ್ತೆ ನೀರು ಕಟ್ಟಿದರೆ ನವೆಂಬರ್ ಕೊನೆಗೆ ಉತ್ತರದಿಂದ ಬಾತುಕೋಳಿಗಳು ಬಂದಿಳಿಯುತ್ತವೆ. ಅಲ್ಲಿಂದ ಎರಡು ತಿಂಗಳು ಗಂಡಸರಿಗೆ ಹೆಂಡತಿ ಮಕ್ಕಳ ಹೆಸರು ಮರೆತುಹೋಗುತ್ತದೆ. ಉಳಿದ ಹತ್ತು ತಿಂಗಳು ಆ ಎರಡು ತಿಂಗಳ ಮಾತಾಡುತ್ತಾರೆ. ಒಬ್ಬನ ಯೋಗ್ಯತೆ ತಿಳಿಯಲು ಅವನ ಮನೆ, ಟ್ರಕ್ಕು ನೋಡಿ ಪ್ರಯೋಜನವಿಲ್ಲ. ಬೇಟೆಯ ಕಾಲದಲ್ಲಿ ಬೆಳಗ್ಗೆ ಅವನು ಯಾರ ಗುಂಡಿಯಲ್ಲಿ, ಎಷ್ಟನೆಯ ಸೀಟಿನಲ್ಲಿ ಕೂರುತ್ತಾನೆ ಅಂತ ವಿಚಾರಿಸಬೇಕು.

ವರ್ಲಾನ್ ಕೂರುತ್ತಿದ್ದದ್ದು ಡೆಲ್ಬರ್ಟ್ ಫೈಕ್ಸ್ ಎಂಬ ಎಂಬತ್ತರ ಮುದುಕನ ಗುಂಡಿಯಲ್ಲಿ. ಹಕ್ಕಿಗಳಿಗೆ ಕಾಣದಂತೆ ಅವಿತು ಕೂರಲು ಗದ್ದೆಯ ಬದುವಿನೊಳಗೆ ಹೂತ ಉದ್ದನೆಯ ಕಬ್ಬಿಣದ ತೊಟ್ಟಿ, ಮೇಲೆ ಹುಲ್ಲು ಹೊದಿಸಿದ ಮುಚ್ಚಳ, ಒಳಗೆ ಐದು ಜನರ ಬೆಂಚು, ತುದಿಯಲ್ಲಿ ನಾಯಿಗೊಂದು ಕಿಂಡಿ. ಆ ಕಿಂಡಿಯ ಪಕ್ಕದ ಸೀಟೇ ಸಿಂಹಾಸನ. ಅಲ್ಲಿ ಕೂತವನು 'ಹೊಡೀರಿ' ಅನ್ನುವವರೆಗೆ ಉಳಿದ ನಾಲ್ವರು ಕೆಮ್ಮುವಂತೆಯೂ ಇಲ್ಲ. ವರ್ಲಾನ್ ಅಲ್ಲಿ ಹನ್ನೊಂದು ವರ್ಷ ಕೂತಿದ್ದ. ತನ್ನ ಬಲದಿಂದಲ್ಲ, ಸೆನೆಟರ್ ಎಂಬ ತನ್ನ ಕರಿ ಲ್ಯಾಬ್ರಡಾರ್ ನಾಯಿಯ ಬಲದಿಂದ. ಬಿದ್ದ ಹಕ್ಕಿ ತರಲು ಮೊಣಕಾಲುದ್ದದ ಕೆಸರಿಗೆ ಇಳಿಯಲಾರದ ಗಂಡಸಿಗೆ ಯಾವ ಗುಂಡಿಯಲ್ಲೂ ಜಾಗವಿಲ್ಲ. ನಾಯಿ ಇದ್ದರೆ ಮಾತು ಬೇರೆ.

ಗುಂಡಿಯ ಹತ್ತಿರದ ತಗಡಿನ ಶೆಡ್ಡಿನಲ್ಲಿ ಡೆಲ್ಬರ್ಟನ ಅಪ್ಪ ಹಲಗೆಯೊಂದರ ಮೇಲೆ ಬಣ್ಣದಲ್ಲಿ ಬರೆದು ಹೋಗಿದ್ದ ಮೂರು ಕಾನೂನುಗಳಿದ್ದವು. ಒಂದು, ಶೆಡ್ಡಿನೊಳಗೆ ಬಂದೂಕಿಗೆ ತೋಟಾ ತುಂಬಬಾರದು. ಎರಡು, ಹೆಂಗಸರು ಬರಬಾರದು. ಮೂರು, ನಾಯಿ ಯಾರ ಕೈಗೆ ಹಕ್ಕಿ ಕೊಡುತ್ತದೋ ತುದಿಯ ಸೀಟು ಅವರದು. ಮೊದಲನೆಯದನ್ನು ಎಲ್ಲರೂ ಪಾಲಿಸುತ್ತಿದ್ದರು. ಎರಡನೆಯದನ್ನು ಮುರಿಯುವ ಆಸೆ ಯಾವ ಹೆಂಗಸಿಗೂ ಬಂದಿರಲಿಲ್ಲ. ಚಳಿಯಲ್ಲಿ ನಾಲ್ಕು ಗಂಟೆಗೆ ಎದ್ದು ತೊಟ್ಟಿಯೊಳಗೆ ಐದು ಗಂಡಸರ ವಾಸನೆ ಕುಡಿಯುವುದಕ್ಕೆ ಯಾರಿಗೆ ತಲೆ ಕೆಟ್ಟಿದೆ? ಮೂರನೆಯದನ್ನು ಮಾತ್ರ ವರ್ಲಾನ್ ದೇವರ ವಾಕ್ಯದಂತೆ ಪಠಿಸುತ್ತಿದ್ದ. ಅವನ ಸೀಟಿನ ಮೇಲೆ ಕಣ್ಣಿಟ್ಟ ಎಷ್ಟೋ ಗಟ್ಟಿ ಮೊಣಕಾಲಿನವರನ್ನು ಆ ಒಂದು ಸಾಲಿನಿಂದಲೇ ಅಟ್ಟಿದ್ದ.

ಹೀಗಿರುವಾಗ ಜನವರಿಯಲ್ಲಿ, ಬೇಟೆಯ ಕೊನೆಯ ವಾರ, ಸೆನೆಟರ್ ಸತ್ತುಹೋಯಿತು. ವರ್ಲಾನ್ ಮೂರು ದಿನ ಅತ್ತ. ಎರಡು ದಿನ ನಾಯಿಗೆ, ಒಂದು ದಿನ ಸೀಟಿಗೆ.

ಸೀಟಿಗೆ ಅಳಲು ಕಾರಣವಿತ್ತು. ಟ್ರೆಂಟ್ ಹಾಲೊವೆಲ್ ಎಂಬ ಹಲ್ಲಿನ ಡಾಕ್ಟರು ಎರಡು ವರ್ಷದಿಂದ ಗುಂಡಿಗೆ ಅತಿಥಿಯಾಗಿ ಬಂದು, ಬೆಂಚಿನಲ್ಲಿ ಜಾಗವಿಲ್ಲದೆ, ಬದುವಿನ ಮೇಲೆ ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಿದ್ದರು. ಅವರ ನಾಯಿ ಪಕ್ಕದ ರಾಜ್ಯದ ತರಬೇತುದಾರನ ಹತ್ತಿರ ಓದಿ ಬಂದದ್ದು. ವರ್ಲಾನನ ಮನೆಯಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಡಾಕ್ಟರು ವರ್ಲಾನನ ಹೆಗಲ ಮೇಲೆ ಕೈಯಿಟ್ಟು, ಸೆನೆಟರ್ ಹೋದದ್ದು ತುಂಬಲಾರದ ನಷ್ಟ ಅಂದರು. ಅನ್ನುವಾಗ ಅವರ ಕಣ್ಣು ತುದಿಯ ಸೀಟಿನ ಮೇಲಿತ್ತು.

ಫೆಬ್ರವರಿಯಲ್ಲಿ ವರ್ಲಾನ್ ನಾಲ್ಕು ತಿಂಗಳ ಇನ್ನೊಂದು ಕರಿ ಮರಿಯನ್ನು ತಂದು ಜಡ್ಜ್ ಅಂತ ಹೆಸರಿಟ್ಟ. ಕಾಫಿ ಮೇಜಿನಲ್ಲಿ ಘೋಷಣೆಯೂ ಆಯಿತು: ನವೆಂಬರಿನ ಹೊತ್ತಿಗೆ ಇದು ಸೆನೆಟರನ್ನು ಮೀರಿಸದಿದ್ದರೆ ತಾನೇ ಎದ್ದು ಸೀಟು ಬಿಡುತ್ತೇನೆ, ಕೂಲಿ ಮೇಷ್ಟರಿಂದ ನಾಯಿ ಕಲಿಸಿಕೊಳ್ಳುವವನು ಗಂಡಸೇ ಅಲ್ಲ, ತಾನು ಒಬ್ಬನೇ, ಬರಿಗೈಯಲ್ಲಿ, ಪಳಗಿಸುತ್ತೇನೆ. ಸೀಟು ಬಿಡುತ್ತೇನೆ ಅನ್ನುವ ಮಾತನ್ನು ಯಾರೂ ಕೇಳಿರಲಿಲ್ಲ. ಅದು ತಾನಾಗಿಯೇ ಬಾಯಿಂದ ಬಿತ್ತು. ಡೆಲ್ಬರ್ಟ್ ಕಾಫಿ ಲೋಟದಿಂದ ತಲೆಯೆತ್ತಿ, ಆಗಲಿ ಅಂದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ಅದರಲ್ಲಿ ಮೊದಲನೆಯ ಕೆಲಸವನ್ನು ವರ್ಲಾನ್ ಒಂದೇ ಉಸಿರಿನಲ್ಲಿ ಮುಗಿಸಿದ್ದ.

ಬರಿಗೈಯ ತರಬೇತಿ ಮೊದಲ ದಿನವೇ ಕೈಕೊಟ್ಟಿತು. ನಾಯಿಗೆ ಪಾಠ ಹೇಳುವುದೆಂದರೆ ಕ್ಯಾನ್ವಾಸ್ ಬಟ್ಟೆಯ ಡಮ್ಮಿಯೊಂದನ್ನು ದೂರಕ್ಕೆ ಎಸೆಯಬೇಕು, ಅದು ಬಿದ್ದ ಜಾಗವನ್ನು ನಾಯಿ ಕಣ್ಣಲ್ಲೇ ಗುರುತಿಟ್ಟುಕೊಳ್ಳಬೇಕು, ತನ್ನ ಹೆಸರು ಕೂಗಿದಾಗ ಓಡಿ ಹೋಗಿ ತಂದು ಕೈಗೆ ಕೊಡಬೇಕು. ವರ್ಲಾನನ ಭುಜಕ್ಕೆ ಡಮ್ಮಿಯನ್ನು ಅಂಗಳದ ಬೇಲಿ ದಾಟಿಸುವ ಶಕ್ತಿಯಿರಲಿಲ್ಲ. ಹಾಗಾಗಿ ಅವನು ಅಡುಗೆಮನೆಗೆ ಹೋಗಿ, ಬಿಸಿಲಿಗೆ ಸ್ವಲ್ಪ ಮೈಯೊಡ್ಡಿದರೆ ನಿನ್ನ ಸೊಂಟಕ್ಕೆ ಒಳ್ಳೆಯದು ಅಂತ ಹೆಂಡತಿಗೆ ಉಪದೇಶ ಮಾಡಿದ.

ಒಲೀಟಾ ಮೂವತ್ತು ವರ್ಷ ಶಾಲೆಯ ಊಟದ ಮನೆಯಲ್ಲಿ ಸೌಟು ಹಿಡಿದವಳು. ದಿನಕ್ಕೆ ನಾನೂರು ಮಕ್ಕಳನ್ನು ಧ್ವನಿಯೆತ್ತದೆ ಸಾಲಿನಲ್ಲಿ ನಿಲ್ಲಿಸಿದ ಹೆಂಗಸು. ಮದುವೆಯಾಗಿ ಮೊಮ್ಮಕ್ಕಳನ್ನು ಕಂಡರೂ ಆ ಸೀಮೆಯ ಮರ್ಯಾದೆಯಂತೆ ಊರಿಗೆಲ್ಲ ಅವಳು ಇಂದಿಗೂ ಮಿಸ್ ಒಲೀಟಾ. ಗಂಡನ ಉಪದೇಶ ಕೇಳಿ, ಒಲೆ ಆರಿಸಿ, ಎಲ್ಲಿ ನಿಲ್ಲಬೇಕು ಅಂತಷ್ಟೇ ಕೇಳಿದಳು.

ಎಲ್ಲಿ ಅಂದರೆ ನೂರು ಹೆಜ್ಜೆ ದೂರ, ಕೆರೆಯ ಏರಿಯ ಕೆಳಗೆ, ಮಂಡಿವರೆಗಿನ ಹುಲ್ಲಿನಲ್ಲಿ. ಎಸೆಯುವವರು ನಾಯಿಗೆ ದೂರದಿಂದಲೇ ಎದ್ದು ಕಾಣಬೇಕು ಅನ್ನುವುದು ನಾಯಿ ಪಳಗಿಸುವವರ ಸಂಪ್ರದಾಯ. ಅದಕ್ಕೆಂದು ವರ್ಲಾನ್ ಭಾನುವಾರ ಚರ್ಚಿಗೆ ಹಾಕುತ್ತಿದ್ದ ತನ್ನ ಹಳೆಯ ಬಿಳಿ ಅಂಗಿಯನ್ನು ಅವಳಿಗೆ ತೊಡಿಸಿದ. ಅವಳು ಸದ್ದಿನ ಪಿಸ್ತೂಲು ಹಾರಿಸಿ ಡಮ್ಮಿ ಎಸೆಯುವುದು. ಅವನು ನೆರಳಿನಲ್ಲಿ ಮಡಚುವ ಕುರ್ಚಿಯ ಮೇಲೆ ಕೂತು ಸೀಟಿ ಊದುವುದು, ನಾಯಿಗೆ ಬೈಯುವುದು, ಹೆಂಡತಿಗೆ ಇನ್ನೂ ಎತ್ತರಕ್ಕೆ ಎಸೆ ಅಂತ ಕೂಗುವುದು. ಕೂತಲ್ಲೇ ಅವನು ಬೆವರುತ್ತಿದ್ದ, ಪಾಪ.

ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ವಾರಕ್ಕೆ ಐದು ದಿನ ಇದು ನಡೆಯಿತು. ಫ್ರೀಜರಿನಲ್ಲಿ ಬಟಾಣಿ ಪೊಟ್ಟಣಗಳ ನಡುವೆ ಹೋದ ವರ್ಷದ ಆರು ಬಾತುಗಳು ಗರಿ ಸಮೇತ ಮಲಗಿದ್ದವು. ಪಾಠಕ್ಕೆಂದು ತೆಗೆಯುವುದು, ಪಾಠ ಮುಗಿದ ಮೇಲೆ ಮತ್ತೆ ಒಳಗಿಡುವುದು. ಜುಲೈಯಲ್ಲಿ ಪಾದ್ರಿಯವರು ಊಟಕ್ಕೆ ಬಂದವರು ಐಸ್ ತೆಗೆಯಲು ತಾವೇ ಎದ್ದು ಹೋಗಿ ಫ್ರೀಜರ್ ತೆರೆದರು. ಆಮೇಲೆ ಅವರು ಒಲೀಟಾಳ ಪೀಚ್ ಪೈಯನ್ನು ಸಹ ಮುಟ್ಟಲಿಲ್ಲ.

ಜಡ್ಜ್ ಕಲಿಯಿತು. ಆದರೆ ಡಮ್ಮಿಯನ್ನು ತಂದು ವರ್ಲಾನನ ಕೈಗೆ ಕೊಡದೆ ಮೂರು ಹೆಜ್ಜೆ ದೂರದಲ್ಲಿ ಉಗುಳಿ ನಿಲ್ಲುತ್ತಿತ್ತು. ವರ್ಲಾನ್ ಎಷ್ಟು ಕಿರುಚಿದರೆ ಅಷ್ಟು ದೂರ. ಕೊನೆಗೆ ಅವನು, ಮೂರು ಹೆಜ್ಜೆ ಒಂದು ದೂರವೇ ಅಲ್ಲ ಅಂತ ತೀರ್ಮಾನಿಸಿದ. ಮಧ್ಯಾಹ್ನ ಅವನು ಫ್ಯಾನಿನ ಕೆಳಗೆ ಗೊರಕೆ ಹೊಡೆಯುವಾಗ ಒಲೀಟಾ ಆ ಬಿಳಿ ಅಂಗಿಯನ್ನು ಕಳಚಿಟ್ಟು, ತನ್ನ ಕಂದು ಬಣ್ಣದ ಉಡುಪಿನಲ್ಲೇ, ನಾಯಿಯನ್ನು ಕರೆದುಕೊಂಡು ಕಾಲುವೆಯ ಕಡೆ ಹೋಗುತ್ತಿದ್ದಳು. ಡಮ್ಮಿಯನ್ನು ನಾಯಿಯ ತಲೆಯ ಹಿಂದಿನಿಂದ, ಎಲ್ಲಿಂದ ಬಂತೆಂದು ಅದಕ್ಕೆ ತಿಳಿಯದ ಹಾಗೆ, ಮೇಲೆ ನೋಡು ಅಂದು ಆಕಾಶಕ್ಕೆ ಎಸೆಯುತ್ತಿದ್ದಳು. ನಾಯಿ ತಂದು ಅಂಗೈಗೆ ಕೊಟ್ಟರೆ ಥ್ಯಾಂಕ್ಯೂ ಅನ್ನುತ್ತಿದ್ದಳು, ತಟ್ಟೆ ವಾಪಸ್ ಕೊಟ್ಟ ಮಗುವಿಗೆ ಹೇಳುವ ಹಾಗೆ. ಬಿಳಿ ಅಂಗಿಯನ್ನೇ ನೋಡುತ್ತಾ ಕಲಿತ ನಾಯಿ ಅಂಗಿ ಇಲ್ಲದ ಕಡೆ ಏನು ಮಾಡೀತು ಅಂತ ಒಂದು ಸಲ ಗಂಡನನ್ನು ಕೇಳಿಯೂ ಇದ್ದಳು. ಬೆಳಗ್ಗೆ ಆರಕ್ಕೆ ಶುರುವಾದ ಅವನ ಉತ್ತರ ಹತ್ತು ಗಂಟೆಗೆ ಮುಗಿದಿತ್ತು. ಸಾರಾಂಶ, ಹೆಂಗಸರಿಗೆ ಇದು ಅರ್ಥವಾಗುವುದಿಲ್ಲ.

ಕಾಫಿ ಮೇಜಿಗೆ ಒಲೀಟಾಳ ಸುದ್ದಿ ಹೋಗಲೇ ಇಲ್ಲ. ಅಲ್ಲಿ ವರ್ಲಾನ್ ತಾನೇ ಎಸೆಯುತ್ತಿದ್ದ, ತಾನೇ ಊದುತ್ತಿದ್ದ, ಭುಜ ಈಗ ಹದಿನೆಂಟರ ಹುಡುಗನದಾಗಿತ್ತು.

ಬೇಟೆಯ ಮೊದಲ ಶನಿವಾರ ಬಂತು. ಗುಂಡಿಯಲ್ಲಿ ಡೆಲ್ಬರ್ಟ್, ಅವನ ಇಬ್ಬರು ತಮ್ಮಂದಿರು, ಅಳಿಯ, ತುದಿಯಲ್ಲಿ ವರ್ಲಾನ್, ಕಿಂಡಿಯಲ್ಲಿ ಜಡ್ಜ್. ಬದುವಿನ ಮೇಲೆ ಹುಲ್ಲಿನ ಮರೆಯಲ್ಲಿ ಬಕೆಟ್ಟಿನ ಮೇಲೆ ಡಾಕ್ಟರು, ಅವರ ಪಕ್ಕದಲ್ಲಿ ಅವರ ವಿದ್ಯಾವಂತ ನಾಯಿ. ಬೆಳಕು ಹರಿಯುತ್ತಲೇ ಎಂಟು ಬಾತುಗಳು ರೆಕ್ಕೆ ಬಾಗಿಸಿ ನೀರಿಗೆ ಇಳಿಯತೊಡಗಿದವು. ವರ್ಲಾನ್ 'ಹೊಡೀರಿ' ಅಂದ. ಮೂರು ಹಕ್ಕಿ ಬಿದ್ದವು, ಒಂದಂತೂ ಇಪ್ಪತ್ತು ಹೆಜ್ಜೆಯಲ್ಲಿ, ನಾಯಿಯ ಮೂಗಿನ ಮುಂದೆಯೇ.

ಜಡ್ಜ್ ಆಕಾಶ ನೋಡಲಿಲ್ಲ, ಬಾತು ನೋಡಲಿಲ್ಲ. ಗದ್ದೆಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ ಬಿಳಿ ಅಂಗಿಯನ್ನು ಹುಡುಕಿತು. ಸುಮಾರು ಇನ್ನೂರು ಹೆಜ್ಜೆ ಆಚೆ ತೂಬಿನ ಹತ್ತಿರ ಒಂದು ದೊಡ್ಡ ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿತ್ತು. ವರ್ಲಾನ್ ಜಡ್ಜ್ ಅಂತ ಕೂಗಿದ್ದೇ ತಡ, ನಾಯಿ ಬಿದ್ದ ಹಕ್ಕಿಗಳ ನಡುವೆಯೇ ಹಾದು, ನೀರು ಚಿಮ್ಮಿಸುತ್ತಾ ನೇರ ಬೆಳ್ಳಕ್ಕಿಯ ಬಳಿ ಹೋಗಿ, ಅದರ ಮುಂದೆ ಶಿಸ್ತಾಗಿ ಕೂತು, ಎಸೆ ಅನ್ನುವ ಹಾಗೆ ಮುಖ ನೋಡಿತು. ಬೆಳ್ಳಕ್ಕಿ ಸ್ವಲ್ಪ ಹೊತ್ತು ಯೋಚಿಸಿ ಹಾರಿಹೋಯಿತು. ಜಡ್ಜ್ ತಿರುಗಿ ವರ್ಲಾನನ ಕಡೆ ನೋಡಿತು. ಎಸೆಯುವವರೇ ಎದ್ದು ಹೋದರೆ ತಾನೇನು ಮಾಡಲಿ ಅನ್ನುವ ನೋಟ.

ಗುಂಡಿಯಲ್ಲಿ ನಕ್ಕು ನಕ್ಕು ಐದು ನಿಮಿಷ ಯಾರಿಗೂ ಉಸಿರು ಸರಿಯಾಗಿ ಬರಲಿಲ್ಲ. ಡೆಲ್ಬರ್ಟ್ ಕಣ್ಣೊರೆಸಿಕೊಂಡು ಮಾತಾಡಿದ. "ಲೇ ವರ್ಲಾನ್, ಬೇಸಿಗೆಯೆಲ್ಲ ಒಬ್ಬನೇ ಎಸೆದೆ ಅಂದ್ಯಲ್ಲೋ. ಮತ್ತೆ ನಿನ್ನ ನಾಯಿ ಬಿಳಿ ಬಟ್ಟೆಯವರನ್ನ ಯಾಕಪ್ಪ ಹುಡುಕ್ತು?"

ವರ್ಲಾನನ ಎಡಗಿವಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಬೆಳ್ಳಕ್ಕಿಗಳು ಈ ವರ್ಷ ಯಾಕೋ ಜಾಸ್ತಿ ಅಂದ. ಅಷ್ಟರಲ್ಲಿ ಡಾಕ್ಟರ ನಾಯಿ ಮೂರು ಹಕ್ಕಿಯನ್ನೂ ಒಂದೊಂದಾಗಿ ತಂದು ಅವರ ಕೈಗಿತ್ತು ಮುಗಿಸಿತ್ತು. ಡಾಕ್ಟರು ಎಲ್ಲ ಹಲ್ಲೂ ಕಾಣುವ ಹಾಗೆ ನಕ್ಕರು. ಡೆಲ್ಬರ್ಟ್ ಮನುಷ್ಯ ಕೆಟ್ಟವನಲ್ಲ. ಒಂದು ವಾರ ಕೊಟ್ಟ. ಬರುವ ಶನಿವಾರವೂ ನಾಯಿ ಹೀಗೇ ಮಾಡಿದರೆ ಬಂಕಿನಲ್ಲಿ ಆಡಿದ ಮಾತಿನಂತೆ ತುದಿಯ ಸೀಟು ಡಾಕ್ಟರಿಗೆ.

ಆ ವಾರ ವರ್ಲಾನ್ ನಾಯಿಯನ್ನು ಕಟ್ಟಿಕೊಂಡು ಒಬ್ಬನೇ ಹೊಲಗಳಲ್ಲಿ ಅಲೆದ. ಸೋಮವಾರ ಜಡ್ಜ್ ಪಕ್ಕದ ಮನೆಯವರ ಅಂಗಳದ ಬಿಳಿ ಗ್ಯಾಸ್ ಟ್ಯಾಂಕಿನ ಮುಂದೆ ಹೋಗಿ ಕೂತಿತು. ಮಂಗಳವಾರ ತಂತಿಯ ಮೇಲೆ ಒಣಗಿಸಿದ್ದ ಯಾರದೋ ಹಾಸಿಗೆ ಬಟ್ಟೆಯ ಮುಂದೆ. ಬುಧವಾರ ವರ್ಲಾನ್ ಕೆಸರಿನಲ್ಲಿ ಬಿದ್ದು, ಏಳಲಾಗದೆ, ಬೇಲಿಯ ಕಂಬ ಹಿಡಿದು ಅರ್ಧ ಗಂಟೆ ಕೂತಿದ್ದ. ಆ ಅರ್ಧ ಗಂಟೆಯಲ್ಲಿ ಅವನಿಗೆ ನಿಜವಾಗಿಯೂ ಭಯವಾಯಿತು. ಗುಂಡಿ ಹೋದರೆ ಬಂಕಿನ ಮೇಜಿನಲ್ಲಿ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಹೇಳಲು ಏನೂ ಇಲ್ಲದ ಮುದುಕರನ್ನು ಆ ಮೇಜಿನವರು ಹೇಗೆ ನೋಡುತ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ನೋಡುವವರಲ್ಲಿ ಅವನೇ ಮೊದಲಿಗ.

ಗುರುವಾರ ಸಂಜೆ ಊಟದ ಮೇಜಿನಲ್ಲಿ ಅವನು ಹುರಿದ ಮೀನನ್ನು ಮುಟ್ಟಲಿಲ್ಲ. ಒಲೀಟಾಳಿಗೆ ಬೆಳ್ಳಕ್ಕಿಯ ಕಥೆ ಶನಿವಾರ ಮಧ್ಯಾಹ್ನವೇ ಮೂರು ಕಡೆಯಿಂದ ತಲುಪಿತ್ತು. ಅವಳು ಐದು ದಿನದಿಂದ ಬಾಯಿ ಬಿಡದೆ ಕಾದಿದ್ದಳು.

"ಏನಾದ್ರೂ ಬೇಕಿತ್ತಾ?" ಅಂದಳು.

"ಏನಿಲ್ಲ." ಅವನು ಉಪ್ಪಿನ ಡಬ್ಬಿಯನ್ನು ಆಚೆಗಿಟ್ಟ, ಈಚೆಗಿಟ್ಟ. "ಶನಿವಾರ ನಿಂಗೇನಾದ್ರೂ ಕೆಲಸ ಇದೆಯಾ?"

"ಯಾಕೆ?"

"ಗುಂಡಿ ಹತ್ರ ಬರ್ತೀಯೇನೋ ಅಂತ."

"ಹೆಂಗಸರು ಅಲ್ಲಿಗೆ ಬರಬಾರ್ದು ಅಂತ ನಲವತ್ತೊಂದು ವರ್ಷದಿಂದ ನೀನೇ ಹೇಳ್ತಾ ಬಂದಿದ್ದೀಯಲ್ಲ."

"ಹೆಂಗಸಾಗಿ ಬಾ ಅಂತ ಯಾರು ಹೇಳಿದ್ರು? ಡಮ್ಮಿ ಎಸೆಯೋಳಾಗಿ ಬಾ."

ಒಲೀಟಾ ಅವನ ತಟ್ಟೆಯ ಮೀನನ್ನು ತನ್ನ ತಟ್ಟೆಗೆ ಹಾಕಿಕೊಂಡು ತಿನ್ನತೊಡಗಿದಳು. ಅವನು ಕಾದ. ಅವಳು ಮುಳ್ಳು ಬಿಡಿಸಿದಳು. ಕೊನೆಗೆ ಅವನಿಗೇ ತಡೆಯಲಾಗಲಿಲ್ಲ.

"ನನ್ನ ಕೈಲಿ ಆಗ್ತಿಲ್ಲ ಒಲೀಟಾ. ಅದು ನನ್ನ ಮಾತು ಕೇಳಲ್ಲ. ನೀನು ಬಾ."

"ಹಾಗೆ ಹೇಳು ಮತ್ತೆ," ಅಂದಳು ಅವಳು. "ಕಾಲುಚೀಲ ನಿಂದೇ ಬೇಕು, ದಪ್ಪನೇದು."

ಶನಿವಾರ ಶೆಡ್ಡಿನ ಬಾಗಿಲಲ್ಲಿ ಮಿಸ್ ಒಲೀಟಾ ಕಾಣಿಸಿಕೊಂಡಾಗ ಒಳಗಿದ್ದವರೆಲ್ಲ ಎದ್ದು ನಿಂತು ಟೋಪಿ ತೆಗೆದರು, ಆಮೇಲೆ ಗೋಡೆಯ ಮೇಲಿನ ಹಲಗೆ ನೋಡಿದರು. ಆ ಶೆಡ್ಡಿನಲ್ಲಿದ್ದವರ ಮಕ್ಕಳಿಗೆಲ್ಲ ಬಡಿಸಿದ ಕೈ ಅವಳದು. ಡೆಲ್ಬರ್ಟ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಮಾತು ತೆಗೆದು, ನಿಮ್ಮ ಸಣ್ಣ ಮಗ ಈಗಲಾದರೂ ಬಟಾಣಿ ತಿನ್ನುತ್ತಾನಾ ಅಂತ ಕೇಳಿದಳು. ನಲವತ್ತೈದು ವರ್ಷದ ಆ ಸಣ್ಣ ಮಗನ ಪರವಾಗಿ ಅಪ್ಪ ತಲೆ ತಗ್ಗಿಸಿದ. ಕಾನೂನಿನ ಮಾತು ಅಲ್ಲಿಗೆ ನಿಂತಿತು.

ಗುಂಡಿಯಲ್ಲಿ ಅಳಿಯನನ್ನು ಹೊರಗೆ ಕಳಿಸಿ ಅವಳಿಗೆ ಜಾಗ ಮಾಡಿದರು. ಅವಳು ವರ್ಲಾನನ ಪಕ್ಕ ಕೂತಳು, ಕೈಯಲ್ಲಿ ಬಂದೂಕಿಲ್ಲ, ಫ್ಲಾಸ್ಕ್ ಇತ್ತು. ನಾಲ್ಕು ಬಾತು ಬಂದವು. ಜಡ್ಜ್ ಎಂದಿನಂತೆ ಬಿಳಿಯನ್ನು ಹುಡುಕಲು ಕತ್ತು ಚಾಚುತ್ತಿದ್ದಂತೆ ಒಲೀಟಾ ಮೆಲ್ಲಗೆ, ಮೇಲೆ ನೋಡು, ಅಂದಳು. ಕಾಲುವೆಯ ಬಳಿಯ ಮಧ್ಯಾಹ್ನಗಳೆಲ್ಲ ಅದಕ್ಕೆ ನೆನಪಾದವೇನೋ, ನಾಯಿ ತಲೆಯೆತ್ತಿತು. ಬಂದೂಕು ಸದ್ದಾಗಿ ಹಸಿರು ತಲೆಯ ಗಂಡು ಬಾತೊಂದು ಬಿತ್ತು. ವರ್ಲಾನ್ ಊರು ಎದ್ದೇಳುವ ಹಾಗೆ ಜಡ್ಜ್ ಅಂತ ಕೂಗಿದ. ನಾಯಿ ಅಲುಗಲಿಲ್ಲ. ಒಲೀಟಾ, ಸಾಲಿನಲ್ಲಿ ಮುಂದಿನ ಮಗುವನ್ನು ಕರೆದಂತೆ, ಜಡ್ಜ್ ಅಂದಳು. ನಾಯಿ ಹೋಯಿತು, ಹಕ್ಕಿಯನ್ನು ಒಂದು ಗರಿಯೂ ಮುರಿಯದಂತೆ ಕಚ್ಚಿ ತಂದಿತು, ವರ್ಲಾನ್ ಚಾಚಿದ್ದ ಎರಡೂ ಕೈಗಳ ಕೆಳಗೆ ನುಸುಳಿ, ಅವನ ತೊಡೆಯ ಮೇಲೆ ಹತ್ತಿ ದಾಟಿ, ಒಲೀಟಾಳ ಅಂಗೈಯಲ್ಲಿ ಬಾತನ್ನು ಇಟ್ಟಿತು.

"ಥ್ಯಾಂಕ್ಯೂ," ಅಂದಳು ಒಲೀಟಾ.

ಬದುವಿನ ಮೇಲಿನ ಬಕೆಟ್ಟಿನಿಂದ ಡಾಕ್ಟರು, ಬಹಳ ವಿನಯದಿಂದ, ಹಲಗೆಯ ಮೂರನೆಯ ಸಾಲನ್ನು ನೆನಪಿಸಿದರು. ವರ್ಲಾನ್ ಸೋತ ದನಿಯಲ್ಲಿ ಎರಡನೆಯ ಸಾಲನ್ನು ನೆನಪಿಸಿದ. ಎಲ್ಲರೂ ಡೆಲ್ಬರ್ಟನ ಮುಖ ನೋಡಿದರು. ಡೆಲ್ಬರ್ಟ್ ಬಾತುವಿನ ಕತ್ತು ನೀವುತ್ತಾ ಯೋಚಿಸಿದ.

"ಎರಡನೇದು ನಮ್ಮಪ್ಪ ಅಮ್ಮನ ಜೊತೆ ಜಗಳ ಆಡ್ಕೊಂಡು ಬಂದ ದಿನ ಬರೆದದ್ದು," ಅಂದ. "ಮೂರನೇದು ತಲೆ ನೆಟ್ಟಗಿದ್ದಾಗ ಬರೆದದ್ದು. ನೀನೇ ಹನ್ನೊಂದು ವರ್ಷದಿಂದ ಅದನ್ನ ನಮಗೆಲ್ಲ ಬಾಯಿಪಾಠ ಮಾಡಿಸಿದ್ದೀಯ ವರ್ಲಾನ್. ಸ್ವಲ್ಪ ಸರಿದು ಕೂತ್ಕೋ, ಮಿಸ್ ಒಲೀಟಾ ಈಚೆ ಬರಲಿ."

ಐದು ಜನರ ಬೆಂಚಿನಲ್ಲಿ ಆರು ಜನ ಸರಿದು ಕೂರಲು ಜಾಗವಿರಲಿಲ್ಲ. ಅಳಿಯ ಚಳಿಯಲ್ಲಿ ನಡುಗುತ್ತಾ ಮೇಲೆ ನಿಂತಿದ್ದ, ಅವನು ಕೆಳಗಿಳಿದ. ಡಾಕ್ಟರಿಗೆ ಹತ್ತು ಗಂಟೆಗೆ ಯಾರದೋ ದವಡೆ ಹಲ್ಲು ಕೀಳುವುದಿತ್ತು, ಅವರು ಎದ್ದು ಹೋದರು. ಬಕೆಟ್ ಖಾಲಿಯಾಯಿತು. ವರ್ಲಾನ್ ಅದರ ಮೇಲೆ ಹೋಗಿ ಕೂತ. ಆ ಸೀಸನ್ ಪೂರ್ತಿ ತುದಿಯ ಸೀಟಿನಿಂದ 'ಹೊಡೀರಿ' ಅಂದದ್ದು ಒಲೀಟಾ, ಅದೂ ದಯವಿಟ್ಟು ಸೇರಿಸಿ. ಬಂಕಿನ ಕಾಫಿ ಮೇಜಿನಲ್ಲಿ ವರ್ಲಾನ್ ಬೇಗ ಚೇತರಿಸಿಕೊಂಡ. ನಾಯಿ ಪಳಗಿಸುವುದು ಯಾರ ಕೈಲಾದರೂ ಆಗುತ್ತದೆ, ಹೆಂಡತಿಯನ್ನು ಪಳಗಿಸಿ ತುದಿಯ ಸೀಟಿಗೆ ಕೂರಿಸಿದವರು ಯಾರಾದರೂ ಇದ್ದರೆ ಹೇಳಿ ಅಂತ ಕೇಳುತ್ತಿದ್ದ. ಮೇಜಿನವರು ಮೊದಲಿಗಿಂತ ಹೆಚ್ಚು ಆಸಕ್ತಿಯಿಂದ ಕೇಳುತ್ತಿದ್ದರು. ಆ ಮಟ್ಟಿಗೆ ಅವನ ಭಯ ಸುಳ್ಳಾಯಿತು.

ಮುಂದಿನ ಜೂನ್ ತಿಂಗಳ ಒಂದು ಬೆಳಗ್ಗೆ, ಜಡ್ಜ್‌ಗೆ ಪಾಠ ಮತ್ತೆ ಶುರು ಮಾಡಲೆಂದು, ಒಲೀಟಾ ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಮಡಚುವ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು, ಗಂಡನಿಗೆ ಆ ಬಿಳಿ ಅಂಗಿಯನ್ನು ಕೊಟ್ಟಳು. ಮೊದಲ ವಾರ ಅಂಗಿ ಇರಲಿ, ಆಮೇಲೆ ಬಿಚ್ಚಿಸೋಣ, ಎಡಗೈಯಲ್ಲಿ ಎಸೆದರೂ ಸಾಕು ಅಂದಳು. ಇಸ್ತ್ರಿ ಮಾಡಿಟ್ಟಿದ್ದಳು. ಅವನು ತೊಟ್ಟು, ಏರಿಯ ಕೆಳಗೆ, ನೂರು ಹೆಜ್ಜೆ ನಡೆದು ಹೋಗಿ ಹುಲ್ಲಿನಲ್ಲಿ ನಿಂತ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಸೊಳ್ಳೆಗಳು ಅಂಗಿಯ ತೋಳಿನೊಳಗೆ ನುಗ್ಗಿದವು. ಕಾಲಬುಡದಲ್ಲಿ ಏನೋ ಸರಿದಾಡಿದ ಹಾಗಾಯಿತು. ನೆರಳಿನಲ್ಲಿ ಕೂತವಳ ಮುಖ ಅಲ್ಲಿಂದ ಕಾಣುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಏಳು ತಿಂಗಳು, ವಾರಕ್ಕೆ ಐದು ದಿನ, ಅವಳು ಇಲ್ಲೇ ನಿಂತಿದ್ದಳು. ಒಂದು ದಿನವೂ ಸೊಳ್ಳೆಯ ಮಾತೆತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಏನು ಮಾಡಬೇಕು ಅಂತ ಅಭ್ಯಾಸವಿರಲಿಲ್ಲವಾದ್ದರಿಂದ, ಇಲ್ಲಿ ಸೊಳ್ಳೆ ವಿಪರೀತ ಅಂತ ಕೂಗಲು ಬಾಯಿ ತೆರೆದ.

ಒಲೀಟಾ ಒಂದೇ ಒಂದು ಸಲ ಸೀಟಿ ಊದಿದಳು. ನಾಯಿ ಕೂತಿತು. ವರ್ಲಾನ್ ಬಾಯಿ ಮುಚ್ಚಿಕೊಂಡು, ಆದಷ್ಟು ಎತ್ತರಕ್ಕೆ ಎಸೆದ.